ಒಂದು ತುತ್ತಿನ ಬೆಲೆ

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬುದು ಕನ್ನಡದ ಹಳೆಯ ಗಾದೆ. ಉಡುವಲ್ಲಿ ತೊಡುವಲ್ಲಿ ಲೋಕದ ಕಣ್ಣಿಗೆ ಅಂಜಿ ನಡೆಯಬೇಕಾದರೂ ಉಣ್ಣುವಲ್ಲಿ ಮನುಷ್ಯನು ತನಗೆ ತಾನೇ ಒಡೆಯನೆಂಬುದು ಅದರ ತಾತ್ಪರ್ಯ. ನಾಲಗೆಯ ರುಚಿಗೆ ಸಾಕ್ಷಿ ಬೇಕಾಗಿಲ್ಲ. ಹೊಟ್ಟೆಯ ತೃಪ್ತಿಗೆ ಸಭೆಯ ಅನುಮತಿ ಬೇಕಾಗಿಲ್ಲ. ಆದರೆ ಊಟವೇ ನೋಟವಾಗಿ ಮಾರ್ಪಟ್ಟಿರುವ ಸ್ಥಳಗಳು ಇಂದು ಲೋಕದಲ್ಲಿ ಬೇಕಾದಷ್ಟಿವೆ. ಅಂಥಲ್ಲಿ ಈ ಗಾದೆಯ ಯಾವ ಅರ್ಧವು ಸಲ್ಲತಕ್ಕದ್ದು? ಜಪಾನ್ ದೇಶದ ಸುಶಿ ಎಂಬ ಆಹಾರವು ಈ ಪ್ರಶ್ನೆಯನ್ನು ಒರೆಗೆ ಹಚ್ಚುವುದಕ್ಕೆ ತಕ್ಕ ವಸ್ತುವಾಗಿದೆ. ಮೀನನ್ನು ಮುಟ್ಟದ ಮನೆಗಳವರೂ ಇದನ್ನು ವಿಚಾರಿಸಿ ನೋಡಬಹುದು. ಏಕೆಂದರೆ ಇಲ್ಲಿ ಮುಖ್ಯವಾದುದು ಮೀನಲ್ಲ, ಬೆಲೆ.

ಟೋಕಿಯೋ ನಗರದ ಗಿಂಜಾ ಪೇಟೆಯಲ್ಲಿ, ಒಂದು ಕಚೇರಿ ಕಟ್ಟಡದ ನೆಲಮಾಳಿಗೆಯೊಳಗೆ ಸುಕಿಯಾಬಾಶಿ ಜಿರೋ ಎಂಬ ಅಂಗಡಿಯುಂಟು. ಒಂದು ಮರದ ಹಲಗೆ, ಅದರ ಮುಂದೆ ಹತ್ತು ಪೀಠಗಳು. ಇಷ್ಟೇ ಅದರ ವೈಭವ. ೧೯೨೫ರಲ್ಲಿ ಹುಟ್ಟಿದ ಓನೋ ಜಿರೋ ಎಂಬವರು ಅದನ್ನು ೧೯೬೫ರಲ್ಲಿ ತೆರೆದರು. ಮಿಷೆಲಿನ್ ಎಂಬ ಫ್ರೆಂಚ್ ಭೋಜನ ಕೈಪಿಡಿಯು ೨೦೦೭ರಲ್ಲಿ ಮೊದಲ ಬಾರಿಗೆ ಟೋಕಿಯೋ ನಗರವನ್ನು ಕುರಿತು ಹೊರಬಂದಾಗ ಈ ಅಂಗಡಿಗೆ ಅತ್ಯುಚ್ಚ ಪದವಿಯಾದ ಮೂರು ನಕ್ಷತ್ರಗಳನ್ನು ಕೊಟ್ಟಿತು. ೨೦೧೧ರಲ್ಲಿ ಅಮೆರಿಕದವರೊಬ್ಬರು ಇದರ ಮೇಲೆ ಚಲಚ್ಚಿತ್ರವನ್ನೇ ತೆಗೆದರು. ೨೦೧೪ರ ಏಪ್ರಿಲ್ ತಿಂಗಳಲ್ಲಿ ಜಪಾನಿನ ಪ್ರಧಾನಮಂತ್ರಿ ಅಬೆ ಶಿಂಜೋ ಅವರು ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮ ಅವರನ್ನು ಇಲ್ಲಿಗೇ ಊಟಕ್ಕೆ ಕರೆತಂದರು. ೨೦೧೯ರ ಸುಮಾರಿಗೆ ಇಲ್ಲಿಯ ಒಂದು ಊಟಕ್ಕೆ ೪೦,೦೦೦ ಯೆನ್ ತೆರಬೇಕಾಗಿತ್ತು. ಮುಂದೆ ಅದು ಇನ್ನೂ ಏರಿತು. ಆ ಹಣಕ್ಕೆ ದೊರೆಯುವುದು ಸುಮಾರು ೨೦ ತುತ್ತು. ಒಂದರ ಹಿಂದೊಂದು ಬಡಿಸಿದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಅದೇ ನಗರದಲ್ಲಿ, ಚಲಿಸುವ ಪಟ್ಟಿಯ ಮೇಲೆ ತಟ್ಟೆಗಳು ಸರಿದು ಬರುವ ಬೇರೊಂದು ಬಗೆಯ ಅಂಗಡಿಗಳಿವೆ. ಅಂಥ ಅನೇಕ ಅಂಗಡಿಗಳಲ್ಲಿ ೨೦೨೨ರವರೆಗೂ ಎರಡು ತುತ್ತಿನ ತಟ್ಟೆಯೊಂದು, ತೆರಿಗೆಯನ್ನು ಬಿಟ್ಟು, ೧೦೦ ಯೆನ್ನಿಗೆ ಸಿಗುತ್ತಿತ್ತು. ಒಂದು ಕಡೆ ತುತ್ತಿಗೆ ೫೦ ಯೆನ್. ಇನ್ನೊಂದು ಕಡೆ ೨,೦೦೦ ಯೆನ್. ನಲವತ್ತು ಪಾಲು ಬೆಲೆಯುಳ್ಳದ್ದು ನಲವತ್ತು ಪಾಲು ರುಚಿಯಾಗಿರುವುದೇ ಎಂದು ಕೇಳುವವರುಂಟು. ರುಚಿಯನ್ನು ಕೊಳಗದಲ್ಲಿ ಅಳೆಯಲು ಬಾರದಾದುದರಿಂದ ಹಾಗೆ ಕೇಳಿ ಫಲವಿಲ್ಲ. ತೆತ್ತ ಹಣವು ಯಾವುದಕ್ಕೆ ಸಲ್ಲುತ್ತದೆ ಎಂದು ಕೇಳಬೇಕು.

ಸುಶಿಯೆಂದರೆ ಹಸಿಯ ಮೀನೆಂದು ಹೊರನಾಡಿನವರಲ್ಲಿ ಅನೇಕರ ಎಣಿಕೆ. ವಸ್ತುತಃ ಆ ಶಬ್ದದ ಮೂಲದಲ್ಲಿರುವುದು ಹುಳಿ. ಹುಳಿಯನ್ನವೇ ಅದರ ಜೀವ. ಮೀನು ಅದರ ಸಂಗಾತಿ. ಪೂರ್ವಕಾಲದಲ್ಲಿ ಮೀನನ್ನು ಉಪ್ಪಿನಲ್ಲಿಟ್ಟು, ಬಳಿಕ ಅನ್ನದ ನಡುವೆ ಅದುಮಿ, ತಿಂಗಳುಗಟ್ಟಲೆ ಹುದುಗಲು ಬಿಟ್ಟು, ಕಡೆಗೆ ಆ ಅನ್ನವನ್ನು ಚೆಲ್ಲಿ ಮೀನನ್ನು ಮಾತ್ರ ತಿನ್ನುತ್ತಿದ್ದರು. ಬಿವಾ ಸರೋವರದ ಸುತ್ತಮುತ್ತ ಫುನಾಜುಶಿ ಎಂಬ ಹೆಸರಿನಿಂದ ಆ ಪದ್ಧತಿ ಇಂದಿಗೂ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಟೋಕಿಯೋ ನಗರಕ್ಕೆ ಏಡೋ ಎಂಬ ಹೆಸರಿದ್ದ ಕಾಲಕ್ಕೆ, ಇಷ್ಟು ತಿಂಗಳು ಕಾಯುವ ತಾಳ್ಮೆ ಜನರಿಗೆ ಉಳಿದಿರಲಿಲ್ಲ. ಅನ್ನಕ್ಕೆ ವಿನೆಗರನ್ನು ಬೆರೆಸಿ, ಕೈಯಲ್ಲಿ ಉಂಡೆ ಹಿಡಿದು, ಮೇಲೊಂದು ಮೀನಿನ ಹೋಳನ್ನಿಟ್ಟು ಅಲ್ಲಿಂದಲ್ಲಿಯೇ ಕೊಡುವ ಕ್ರಮವು ಹುಟ್ಟಿತು. ಹನಾಯಾ ಯೋಹೇ (೧೭೯೯-೧೮೫೮) ಎಂಬವನು ಇದರ ಪ್ರವರ್ತಕನೆಂದು ಪ್ರತೀತಿ. ಇದು ಬೀದಿಯ ಊಟ. ದುಡಿಮೆಯ ಜನ ಗೂಡಂಗಡಿಯ ಮುಂದೆ ನಿಂತು, ಕೈಯಿಂದೆತ್ತಿ, ಬಾಯಿಗಿಟ್ಟು ನಡೆಯುವರು. ಆಗಿನ ತುತ್ತು ಈಗಿನದಕ್ಕಿಂತ ಎರಡು ಮೂರು ಪಾಲು ದೊಡ್ಡದು. ಬೆಲೆ ಸುಮಾರು ೮ ಮೊನ್. ಒಂದು ಬಟ್ಟಲು ಸೋಬಾ ಶಾವಿಗೆಗೆ ೧೬ ಮೊನ್ ಇದ್ದ ಕಾಲವದು.

ಹಾಗೆಂದು ಇದು ಬಡವರ ತಿಂಡಿ, ಧನಿಕರು ಬಂದು ಕೆಡಿಸಿದರು ಎಂದು ಹೇಳಿಬಿಟ್ಟರೆ ಸತ್ಯಕ್ಕೆ ಅಪಚಾರವಾದೀತು. ಏಡೋ ನಗರದಲ್ಲಿಯೇ ಸಿರಿವಂತರಿಗಾಗಿ ಪೆಟ್ಟಿಗೆಗಳಲ್ಲಿ ಅಲಂಕರಿಸಿ ಮಾರುವ ದುಬಾರಿ ಅಂಗಡಿಗಳು ತಲೆಯೆತ್ತಿದ್ದವು. ೧೮೪೧ರಿಂದ ೧೮೪೩ರವರೆಗೆ ನಡೆದ ತೆಂಪೋ ಸುಧಾರಣೆಗಳಲ್ಲಿ ಸರ್ಕಾರವು ಭೋಗಜೀವನವನ್ನು ಅಡಗಿಸಲು ಹೊರಟಾಗ ಸುಶಿಯ ವ್ಯಾಪಾರಿಗಳು ಹಲವರು ಸೆರೆಸಿಕ್ಕಿದರೆಂದೂ, ಯೋಹೇಯ ಕೈಗೂ ಕೋಳ ಬಿದ್ದಿತೆಂದೂ ಹೇಳುತ್ತಾರೆ. ಒಂದು ತುತ್ತಿಗೆ ಎಷ್ಟು ಬೆಲೆ ನ್ಯಾಯವೆಂಬ ಪ್ರಶ್ನೆಯನ್ನು ಹೀಗೆ ದಂಡನೀತಿಯಿಂದ ಬಗೆಹರಿಸುವ ಯತ್ನವೂ ಒಮ್ಮೆ ಆಗಿಹೋಗಿದೆ. ಸುಧಾರಣೆಯು ಎರಡು ಮೂರು ವರ್ಷಗಳಲ್ಲಿ ಮುಗಿಯಿತು, ಸುಶಿ ಉಳಿಯಿತು.

ಬೆಲೆಯೊಳಗೆ ಮೊದಲು ಕಾಣುವುದು ಕೈಯ ಕೆಲಸ. ಕೊಹಾದಾ ಎಂಬುದು ಹೆರಿಂಗ್ ವಂಶಕ್ಕೆ ಸೇರಿದ, ಗೇಣುದ್ದವೂ ಇಲ್ಲದ, ಮುಳ್ಳು ಹೆಚ್ಚಾದ ಅಗ್ಗದ ಮೀನು. ಬೇಯಿಸಿ ತಿನ್ನುವವರಲ್ಲಿ ಅದಕ್ಕೆ ಅಂಥ ಮರ್ಯಾದೆಯೇನೂ ಇಲ್ಲ. ಸುಶಿಯ ಅಂಗಡಿಯಲ್ಲಿ ಅದನ್ನು ಸೀಳಿ, ಚಿಟ್ಟೆಯ ರೆಕ್ಕೆಯಂತೆ ಬಿಡಿಸಿ, ಉಪ್ಪು ಚಿಮುಕಿಸಿ ಇಡುತ್ತಾರೆ. ಎಷ್ಟು ಹೊತ್ತು ಇಡಬೇಕು? ಮೀನಿನ ಗಾತ್ರವನ್ನೂ ಮೈಯ ಕೊಬ್ಬನ್ನೂ ಆ ದಿನದ ಹವೆಯನ್ನೂ ನೋಡಿ ನಿರ್ಧರಿಸಬೇಕು. ನಾಲ್ಕು ನಿಮಿಷ ಹೆಚ್ಚಾದರೆ ಬಾಯಲ್ಲಿಡಲಾಗದು, ನಾಲ್ಕು ನಿಮಿಷ ಕಡಿಮೆಯಾದರೆ ಹಸಿವಾಸನೆ ಹೋಗದು. ಆಮೇಲೆ ತೊಳೆದು, ವಿನೆಗರಿನಲ್ಲಿ ಅದ್ದಿ, ಬಸಿದು, ಒಂದೆರಡು ದಿನ ಸುಮ್ಮನೆ ಬಿಟ್ಟರೆ ಉಪ್ಪೂ ಹುಳಿಯೂ ಮಾಂಸವೂ ಒಂದಾಗಿ ಬೆರೆಯುತ್ತವೆ. ಬಲ್ಲವರು ಅಂಗಡಿಯ ಯೋಗ್ಯತೆಯನ್ನು ಅಳೆಯುವುದು ಈ ಅಗ್ಗದ ಮೀನಿನಿಂದ, ದುಬಾರಿಯಾದುದರಿಂದ ಅಲ್ಲ. ಒಳ್ಳೆಯ ಟ್ಯೂನಾ ಮೀನನ್ನು ದುಡ್ಡುಳ್ಳ ಯಾವನಾದರೂ ಕೊಂಡು ತರಬಹುದು, ಒಳ್ಳೆಯ ಕೊಹಾದಾವನ್ನು ಮಾತ್ರ ತಯಾರಿಸಿಯೇ ಆಗಬೇಕು. ಇನ್ನು ಅನ್ನದ ವಿಷಯ. ಅದು ಮೈಯ ಬಿಸಿಯಷ್ಟೇ ಬೆಚ್ಚಗಿರಬೇಕು. ಬೆರಳಲ್ಲಿ ಹಿಡಿದಾಗ ಉದುರಕೂಡದು. ನಾಲಗೆಯ ಮೇಲೆ ಬಿದ್ದೊಡನೆ ಅಗುಳು ಅಗುಳಾಗಿ ಬಿಡಬೇಕು. ಇಂಥ ಅನ್ನಕ್ಕೆ ಆಯುಸ್ಸು ಬಹಳ ಕಡಿಮೆ. ಮಾಡಿದವನ ಕೈಗೂ ಉಣ್ಣುವವನ ಬಾಯಿಗೂ ನಡುವೆ ಒಂದು ಹಲಗೆಯ ಅಗಲಕ್ಕಿಂತ ಹೆಚ್ಚಿನ ದೂರವನ್ನು ಅದು ತಾಳಲಾರದು. ಹತ್ತೇ ಪೀಠಗಳು ಏಕೆಂಬುದಕ್ಕೆ ಇದು ಅರ್ಧ ಉತ್ತರ.

ಈ ಕೈಗೆ ಸಲ್ಲುವ ಕೂಲಿಯನ್ನು ಬೇರೆಯಾಗಿ ಎತ್ತಿ ತೋರಿಸುವ ಸಂಗತಿಯೊಂದು ಚರಿತ್ರೆಯಲ್ಲಿದೆ. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ಆಹಾರದ ಬರ ಹೇಳತೀರದಷ್ಟಿತ್ತು. ೧೯೪೭ರಲ್ಲಿ ಸರ್ಕಾರವು ಊಟದಂಗಡಿಗಳನ್ನು ಮುಚ್ಚಿಸಿತು. ಆಗ ಟೋಕಿಯೋ ನಗರದ ಸುಶಿಗಾರರು ಒಂದು ಉಪಾಯವನ್ನು ಕಂಡು ಅದಕ್ಕೆ ಅನುಮತಿಯನ್ನು ಪಡೆದರು: ಗಿರಾಕಿಯು ತನ್ನ ಪಡಿತರದಿಂದ ಒಂದು ಗೋ, ಎಂದರೆ ಸುಮಾರು ೧೫೦ ಗ್ರಾಂ, ಅಕ್ಕಿಯನ್ನು ತಂದು ಕೊಡತಕ್ಕದ್ದು, ಅಂಗಡಿಯವನು ಕೂಲಿ ಪಡೆದು ಅದಕ್ಕೆ ಹತ್ತು ಸುಶಿಗಳನ್ನು ಮಾಡಿಕೊಡತಕ್ಕದ್ದು. ಕಾನೂನಿನ ದೃಷ್ಟಿಯಲ್ಲಿ ಅವನು ಊಟವನ್ನು ಮಾರುವವನಲ್ಲ. ಹಿಟ್ಟಿನ ಗಿರಣಿಯವನು ಗೋಧಿಯನ್ನು ಬೀಸಿಕೊಡುವಂತೆ ಅಕ್ಕಿಯನ್ನು ಸುಶಿಯಾಗಿ ಮಾಡಿಕೊಡುವವನು. ಬಟ್ಟಲಕ್ಕಿಯನ್ನು ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತ ಆ ಜನ ಹಸಿದವರು. ಆ ಅಕ್ಕಿಯನ್ನು ಮನೆಯಲ್ಲಿಯೇ ಬೇಯಿಸಿ ಉಣ್ಣಬಹುದಾಗಿತ್ತು. ಆದರೂ ತಂದರು.

ಸಂಗೀತ ವಿದ್ವಾಂಸನು ಹಾಡುವ ಒಂದು ಕೃತಿಯನ್ನು ಸಾವಿರ ಜನ ಒಟ್ಟಿಗೆ ಕೇಳಬಹುದು. ಅವನ ಇಪ್ಪತ್ತು ವರ್ಷಗಳ ಸಾಧನೆಯ ವೆಚ್ಚ ಸಾವಿರ ಪಾಲಾಗಿ ಹಂಚಿಹೋಗುತ್ತದೆ. ಕವಿಯ ಕಾವ್ಯವಂತೂ ಅಚ್ಚಾದರೆ ತೀರಿತು. ಸುಶಿಯ ತುತ್ತು ಹಾಗಲ್ಲ. ಒಂದನ್ನು ಮಾಡಿದರೆ ಒಬ್ಬನೇ ಉಣ್ಣಬೇಕು; ಕ್ಷಣದಲ್ಲಿ ಅದು ಇಲ್ಲವಾಗಬೇಕು. ಆ ಕೈಯ ವರ್ಷಗಳನ್ನು ಹತ್ತು ಪೀಠಗಳವರೇ ಹೊರಬೇಕು. ಈ ಭಾಗದ ಬೆಲೆಯನ್ನು ದುಂದುಗಾರಿಕೆಯೆಂದು ಹಳಿಯುವವರು ಕೈಯಿಂದ ಮಾಡುವ ಸೂಕ್ಷ್ಮ ಕೆಲಸವೆಲ್ಲವನ್ನೂ ಹಳಿದಂತೆಯೇ ಸರಿ.

ಆದರೆ ಆ ವರ್ಷಗಳೆಲ್ಲ ನಿಜವಾಗಿ ಕಲಿಕೆಯ ವರ್ಷಗಳೇ? ಅನ್ನ ಮಾಡಲು ಮೂರು ವರ್ಷ, ಉಂಡೆ ಹಿಡಿಯಲು ಎಂಟು ವರ್ಷ ಎಂದು ಜಪಾನಿನಲ್ಲಿ ಒಂದು ನುಡಿಯುಂಟು. ಮೇಲೆ ಹೇಳಿದ ಚಲಚ್ಚಿತ್ರದಲ್ಲಿ ಒಬ್ಬ ಶಿಷ್ಯನು ತಾನು ಬೇಯಿಸಿದ ಮೊಟ್ಟೆಯ ಬಿಲ್ಲೆಯನ್ನು ಗುರುವು ಇನ್ನೂರಕ್ಕೂ ಮಿಕ್ಕಿ ಸಲ ಬೇಡವೆಂದ ಕಥೆಯನ್ನು ಹೇಳುತ್ತಾನೆ. ಕಡೆಗೊಮ್ಮೆ ಒಪ್ಪಿದಾಗ ಅವನಿಗೆ ಅಳು ಬಂದಿತಂತೆ. ೨೦೧೫ರಲ್ಲಿ ಹೋರಿಎ ತಕಫುಮಿ ಎಂಬ ಉದ್ಯಮಿಯು, ಇದಕ್ಕಾಗಿ ವರ್ಷಗಟ್ಟಲೆ ಜೀತ ಮಾಡುವವರು ಮೂಢರು, ಕೆಲವು ತಿಂಗಳ ಶಾಲೆಯಲ್ಲಿ ಎಲ್ಲವನ್ನೂ ಕಲಿಸಬಹುದು ಎಂಬರ್ಥದ ಮಾತನ್ನಾಡಿ ದೊಡ್ಡ ಗದ್ದಲವನ್ನೆಬ್ಬಿಸಿದನು. ಮಾತು ಒರಟಾದರೂ ಅದರಲ್ಲಿ ತಿರುಳಿಲ್ಲದೆ ಇಲ್ಲ. ಗುರುಕುಲದ ಹೆಸರಿನಲ್ಲಿ ಹುಡುಗರಿಂದ ಪಾತ್ರೆ ತೊಳೆಯಿಸಿ ನೆಲ ಒರೆಸಿಸಿ ವರ್ಷಗಳನ್ನು ಕಳೆಯಿಸುವುದು ಜಪಾನಿಗೆ ಮಾತ್ರ ಸೀಮಿತವಾದ ಚಾಳಿಯಲ್ಲ. ಆದರೂ ಒಂದು ಸಂಗತಿಯನ್ನು ಆ ಉದ್ಯಮಿಯು ಗಣಿಸಿದಂತೆ ತೋರುವುದಿಲ್ಲ. ಚೂರಿ ಹಿಡಿಯುವುದನ್ನು ಮೂರು ತಿಂಗಳಲ್ಲಿ ಕಲಿಸಬಹುದು. ಕೊಹಾದಾದ ಮರಿಗಳು ಬರುವುದು ವರ್ಷಕ್ಕೊಂದು ಸಲ, ಬೇಸಿಗೆಯ ಮೊದಲಲ್ಲಿ. ಹತ್ತು ಬೇಸಿಗೆಗಳನ್ನು ಕಾಣಬೇಕಾದರೆ ಹತ್ತು ವರ್ಷಗಳೇ ಬೇಕು. ಋತುವನ್ನು ಅವಸರಪಡಿಸುವ ಶಾಲೆಯು ಇನ್ನೂ ಹುಟ್ಟಿಲ್ಲ.

ಬೆಲೆಯ ಎರಡನೆಯ ಭಾಗ ವಸ್ತುವಿನ ವಿರಳತೆಯದು. ಇಲ್ಲಿಂದ ಮುಂದೆ ನ್ಯಾಯವು ಮಬ್ಬಾಗುತ್ತದೆ. ಇಂದು ಎಲ್ಲಕ್ಕಿಂತ ದುಬಾರಿಯಾದ ತುತ್ತು ಟ್ಯೂನಾ ಮೀನಿನ ಹೊಟ್ಟೆಯ ಕೊಬ್ಬಿನ ಭಾಗ. ತೊರೋ ಎಂದು ಅದಕ್ಕೆ ಹೆಸರು. ಏಡೋ ಕಾಲದಲ್ಲಿ ಟ್ಯೂನಾ ಮೀನೇ ಕೀಳೆನಿಸಿತ್ತು. ಅದರ ಕೊಬ್ಬಿನ ಭಾಗವಂತೂ ಬೇಗ ಹಳಸುವುದೆಂದು ಬಿಸಾಡುವ ವಸ್ತು. ಬೆಕ್ಕು ಕೂಡ ದಾಟಿಕೊಂಡು ಹೋಗುವುದೆಂದು ಅದನ್ನು ಹಾಸ್ಯ ಮಾಡುತ್ತಿದ್ದರು. ಮಂಜುಗಡ್ಡೆಯೂ ಶೀತಲ ಯಂತ್ರಗಳೂ ಬಂದಮೇಲೆ, ಯುದ್ಧಾನಂತರ ಜನರ ನಾಲಗೆ ಜಿಡ್ಡಿನ ಆಹಾರಕ್ಕೆ ಒಗ್ಗಿದಮೇಲೆ, ಅದೇ ಭಾಗ ಪಟ್ಟವೇರಿತು. ಕೆನಡಾ ದೇಶದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಮೋಜಿಗಾಗಿ ಹಿಡಿದು ಹೂತುಬಿಡುತ್ತಿದ್ದ ಮೀನನ್ನು ೧೯೭೨ರಲ್ಲಿ ವಿಮಾನದಲ್ಲಿ ಹೇರಿ ಟೋಕಿಯೋ ಪೇಟೆಗೆ ತಂದರು. ಮೀನು ಮೊದಲಿನದೇ, ಬೆಕ್ಕೂ ಪ್ರಾಯಶಃ ಮೊದಲಿನದೇ. ಬದಲಾದುದು ಮನುಷ್ಯನ ಅಭಿಪ್ರಾಯ. ರುಚಿಯೆಂಬುದು ಸ್ವಭಾವಸಿದ್ಧವೆಂದು ನಂಬಿ ಹಣ ತೆರುವವರಿಗೆ ಈ ಚರಿತ್ರೆಯನ್ನು ಒಮ್ಮೆ ಹೇಳಬೇಕು.

೨೦೧೯ರ ಜನವರಿ ೫ರಂದು ತೊಯೊಸು ಮಾರುಕಟ್ಟೆಯ ವರ್ಷದ ಮೊದಲ ಹರಾಜಿನಲ್ಲಿ ೨೭೮ ಕಿಲೋಗ್ರಾಂ ತೂಕದ ಒಂದು ಟ್ಯೂನಾ ಮೀನು ೩೩ ಕೋಟಿ ೩೬ ಲಕ್ಷ ಯೆನ್ನಿಗೆ ಹೋಯಿತು. ಕೊಂಡವರು ಗಿಂಜಾದ ಹತ್ತು ಪೀಠಗಳ ಕುಶಲಿಗಳಲ್ಲ. ಊರೆಲ್ಲ ಶಾಖೆಗಳುಳ್ಳ, ಸಾಮಾನ್ಯ ಜನರು ಹೋಗಿ ಉಣ್ಣುವ ಒಂದು ಅಂಗಡಿಯ ಒಡೆಯರು. ಆ ಮೀನನ್ನು ಅವರು ತಮ್ಮ ಗಿರಾಕಿಗಳಿಗೆ ಎಂದಿನ ಬೆಲೆಗೇ ಬಡಿಸಿದರು. ನಷ್ಟವಾಗಲಿಲ್ಲವೇ? ಪತ್ರಿಕೆಗಳಲ್ಲಿ ಬಂದ ಹೆಸರೇ ಲಾಭ. ಅಂದಿಗೆ ಲೋಕದಲ್ಲಿಯೇ ಅತ್ಯಂತ ದುಬಾರಿಯಾಗಿದ್ದ ಮೀನು ಅಗ್ಗದ ತಟ್ಟೆಯಲ್ಲಿ ಕುಳಿತು ಗುಮಾಸ್ತನ ಬಾಯಿಗೆ ಬಿದ್ದಿತೆಂದಮೇಲೆ, ಬೆಲೆಗೂ ವಸ್ತುವಿಗೂ ಇರುವ ಸಂಬಂಧವು ಎಷ್ಟು ಸಡಿಲವೆಂಬುದನ್ನು ವಾಚಕರೇ ಊಹಿಸಬಹುದು. ಈ ಆಟದ ಸಾಲವನ್ನು ತೀರಿಸಿದ್ದು ಸಮುದ್ರ. ಶಾಂತಸಾಗರದ ನೀಲರೆಕ್ಕೆಯ ಟ್ಯೂನಾ ಜಾತಿಯು ವಿಪರೀತ ಬೇಟೆಯಿಂದ ಕುಗ್ಗಿಹೋಗಿ ೨೦೧೪ರಲ್ಲಿ ಅಪಾಯಕ್ಕೆ ಸಿಕ್ಕಿದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಹಿಡಿಯುವ ಪ್ರಮಾಣಕ್ಕೆ ಕಟ್ಟಳೆ ಹಾಕಿದಮೇಲೆ ಚೇತರಿಸಿಕೊಂಡು ೨೦೨೧ರಲ್ಲಿ ಒಂದು ಮೆಟ್ಟಲು ಮೇಲೆ ಬಂದಿತು. ಕಟ್ಟಳೆಗೆ ಫಲವುಂಟೆಂಬುದು ಸಂತೋಷದ ವಿಷಯ.

ಉಳಿದ ಭಾಗವೊಂದುಂಟು, ಬಾಯಿಬಿಟ್ಟು ಯಾರೂ ಹೇಳದಿರುವುದೂ ಅದೇ. ಅದು ಬಾಗಿಲಿನ ಬೆಲೆ. ೨೦೧೯ರ ಕೊನೆಯಲ್ಲಿ ಸುಕಿಯಾಬಾಶಿ ಜಿರೋ ಅಂಗಡಿಯನ್ನು ಮಿಷೆಲಿನ್ ಕೈಪಿಡಿಯಿಂದ ತೆಗೆದುಹಾಕಿದರು. ರುಚಿ ಕೆಟ್ಟಿತೆಂದಲ್ಲ, ಪರಿಚಯವೋ ದೊಡ್ಡ ಹೋಟೆಲಿನ ಶಿಫಾರಸೋ ಇಲ್ಲದ ಸಾಮಾನ್ಯನಿಗೆ ಅಲ್ಲಿ ಪೀಠ ಸಿಗದಂತಾಗಿದ್ದುದರಿಂದ. ಸುಶಿಯ ಹಳೆಯ ಅಂಗಡಿಗಳಲ್ಲಿ ಬೆಲೆಯ ಪಟ್ಟಿಯನ್ನು ತೂಗುಹಾಕುವ ವಾಡಿಕೆಯೂ ಇರಲಿಲ್ಲ. ಆ ದಿನದ ಪೇಟೆಯ ಬೆಲೆ ಎಂದಷ್ಟೇ ಬರೆದಿರುವುದು. ಕೇಳಿದವನು ಹೊರಗಿನವನೆಂದು ಗೊತ್ತಾಗುವುದು. ಹತ್ತು ಪೀಠಗಳು ಏಕೆಂಬುದಕ್ಕೆ ಉತ್ತರದ ಇನ್ನರ್ಧ ಇಲ್ಲಿದೆ. ಅನ್ನದ ಬಿಸಿಗಾಗಿ ಚಿಕ್ಕದಾದ ಕೋಣೆಯು ಕ್ರಮೇಣ, ಚಿಕ್ಕದಾಗಿರುವುದಕ್ಕಾಗಿಯೇ ಬೆಲೆ ಪಡೆಯುತ್ತದೆ. ಅಲ್ಲಿ ಕುಳಿತವನು ಉಣ್ಣುವುದು ತುತ್ತನ್ನಷ್ಟೇ ಅಲ್ಲ. ಹೊರಗೆ ಉಳಿದವರನ್ನೂ ಸ್ವಲ್ಪ ಸ್ವಲ್ಪವಾಗಿ ಸವಿಯುತ್ತಾನೆ. ಊಟವು ನೋಟವಾಗುವುದೆಂದರೆ ಇದು.

ಹಸಿದವರಿರುವ ಲೋಕದಲ್ಲಿ ಇಂಥ ಊಟವೇ ಪಾಪವೆಂದು ಸಾರಾಸಗಟಾಗಿ ಹೇಳುವವರುಂಟು. ಆ ವಾದವನ್ನು ಕೊನೆಯವರೆಗೆ ಎಳೆದರೆ ವೀಣೆಯೂ ಉಳಿಯದು, ರೇಷ್ಮೆಯೂ ಉಳಿಯದು. ಆದರೂ ಊಟದ ವಿಷಯದಲ್ಲಿ ಆ ವಾದಕ್ಕೆ ಒಂದು ವಿಶೇಷವಾದ ಮೊನೆಯಿದೆ. ವೀಣೆಯ ನಾದ ಹಸಿದವನನ್ನು ಅಣಕಿಸುವುದಿಲ್ಲ, ಊಟ ಅಣಕಿಸುತ್ತದೆ. ಜಪಾನಿನ ಕತೆಗಾರ ಶಿಗಾ ನಾವೋಯಾ ೧೯೨೦ರಲ್ಲಿ ಬರೆದ "ಅಂಗಡಿಯ ಹುಡುಗನ ದೇವರು" ಎಂಬ ಸಣ್ಣ ಕತೆಯು ಈ ಮೊನೆಯನ್ನು ಮುಟ್ಟಿ ನೋಡಿದೆ. ಸೆನ್‌ಕಿಚಿ ಎಂಬ ಹುಡುಗ ತಕ್ಕಡಿಯಂಗಡಿಯೊಂದರಲ್ಲಿ ಕೆಲಸದವನು. ಗುಮಾಸ್ತರು ಸುಶಿಯ ಮಾತನಾಡುವುದನ್ನು ಕೇಳಿ ಕೇಳಿ ಅವನ ಬಾಯಲ್ಲಿ ನೀರೂರಿದೆ. ಟ್ರಾಮ್ ಬಂಡಿಯ ಖರ್ಚನ್ನು ಉಳಿಸಿ ನಾಲ್ಕು ಸೆನ್ ಕೂಡಿಸಿಕೊಂಡು ಗೂಡಂಗಡಿಗೆ ಹೋಗುತ್ತಾನೆ; ಟ್ಯೂನಾದ ಒಂದು ತುತ್ತನ್ನು ಎತ್ತಿಯೂ ಎತ್ತುತ್ತಾನೆ. ಅಂಗಡಿಯವನು ಆರು ಸೆನ್ ಎನ್ನುತ್ತಾನೆ. ಹುಡುಗನು ಅದನ್ನು ಮರಳಿ ಇಟ್ಟು ಹೊರಟುಹೋಗುತ್ತಾನೆ. ಪಕ್ಕದಲ್ಲಿ ನಿಂತು ಇದನ್ನು ನೋಡಿದವನು ಕುಲೀನರ ಸಭೆಯ ಸದಸ್ಯನಾದ ಒಬ್ಬ ತರುಣ ಶ್ರೀಮಂತ. ಸುಶಿಯ ನಿಜವಾದ ಸವಿ ಬೀದಿಯಲ್ಲಿ ನಿಂತು ಕೈಯಿಂದೆತ್ತಿ ತಿಂದರೇ ತಿಳಿಯುವುದೆಂದು ಗೆಳೆಯನು ಹೇಳಿದ್ದನ್ನು ಕೇಳಿ ಅವನು ಅಲ್ಲಿಗೆ ಬಂದಿದ್ದನು. ಒಬ್ಬನಿಗೆ ಅದು ಬೀದಿಯ ಸೊಗಸು. ಇನ್ನೊಬ್ಬನಿಗೆ ಎರಡು ಸೆನ್ ಆಚೆಗಿರುವ ಸ್ವರ್ಗ. ಮುಂದೊಂದು ದಿನ ಆ ಶ್ರೀಮಂತನು ಹುಡುಗನನ್ನು ಗುರುತು ಹಿಡಿದು, ತನ್ನ ಹೆಸರನ್ನು ತಿಳಿಸದೆ, ಒಂದು ಅಂಗಡಿಯಲ್ಲಿ ಹೊಟ್ಟೆತುಂಬ ಸುಶಿ ಕೊಡಿಸಿ ಹೊರಟುಬಿಡುತ್ತಾನೆ. ಹುಡುಗನು ಮೂವರ ಊಟವನ್ನು ಉಣ್ಣುತ್ತಾನೆ. ಉಣಿಸಿದವನು ದೇವರಿರಬೇಕೆಂದು ನಂಬುತ್ತಾನೆ. ಉಣಿಸಿದವನಿಗೋ ಸಂತೋಷವಾಗುವುದಿಲ್ಲ; ಏಕೋ ಒಂಟಿತನ, ಒಂದು ಬಗೆಯ ಕಸಿವಿಸಿ. ಕತೆಗಾರನು ಕಾರಣವನ್ನು ಬಿಡಿಸಿ ಹೇಳಿಲ್ಲ. ಆದರೆ ಆ ಹುಡುಗನು ಉಂಡ ಉಣಿಸಿಗಿಂತ, ಎತ್ತಿ ಮರಳಿ ಇಟ್ಟ ತುತ್ತಿನ ಬೆಲೆಯೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ.

"ಬಲ್ಲವನೇ ಬಲ್ಲ ಬೆಲ್ಲದ ಸವಿಯ" ಎಂಬ ಇನ್ನೊಂದು ಗಾದೆಯನ್ನು ತಂದು ದುಬಾರಿಯ ಊಟವನ್ನು ಸಮರ್ಥಿಸಬಹುದು. ಅದು ಸರಿಯೇ: ನೂರು ಸಲ ಸಾಧಾರಣವಾದುದನ್ನು ಉಂಡು ನಾಲಗೆಯನ್ನು ತಿದ್ದಿಕೊಂಡವನಿಗೆ ಗಿಂಜಾದ ಆ ಅರ್ಧ ಗಂಟೆಯು ಜೀವಮಾನದ ನೆನಪಾಗಬಹುದು, ಅವನು ತೆತ್ತ ಹಣವು ದಂಡವಲ್ಲ. ಆದರೆ ಅವನು ನಾಲಗೆಯನ್ನು ತಿದ್ದಿಕೊಂಡದ್ದು ಎಲ್ಲಿ? ಚಲಿಸುವ ಪಟ್ಟಿಯ ಮುಂದೆ ಅಲ್ಲ. ಅಲ್ಲಿ ಅನೇಕ ಕಡೆ ಅನ್ನವನ್ನು ಹಿಡಿಯುವುದು ಯಂತ್ರ. ಗಿಂಜಾದಲ್ಲಿಯೂ ಅಲ್ಲ. ಊರಿನ ಕೇರಿಯಲ್ಲಿರುವ, ಗಂಡಹೆಂಡಿರು ನಡೆಸುವ ಏಳೆಂಟು ಪೀಠಗಳ ಸಾಧಾರಣ ಅಂಗಡಿಗಳಲ್ಲಿ. ಮಧ್ಯಾಹ್ನ ಅಲ್ಲಿ ಮಿತವಾದ ಬೆಲೆಗೆ ಊಟ ದೊರೆಯುತ್ತದೆ. ಗಿರಾಕಿಯ ಹೆಸರು ಅಂಗಡಿಯವನಿಗೆ ಗೊತ್ತು. ಈ ದಿನ ಕೊಹಾದಾ ಚೆನ್ನಾಗಿದೆ, ಟ್ಯೂನಾ ಬೇಡ ಎಂದು ಅವನೇ ಹೇಳುತ್ತಾನೆ. ಗಿಂಜಾದ ಒಂದು ಊಟದ ಹಣಕ್ಕೆ ಇಂಥಲ್ಲಿ ಏಳೆಂಟು ಸಲವಾದರೂ ಉಣ್ಣಬಹುದು. ಗಿಂಜಾಕ್ಕೆ ಹೋಗಿ ಬಂದೆನೆಂದು ಹೇಳಿಕೊಳ್ಳುವ ಅವಕಾಶ ಮಾತ್ರ ಇರುವುದಿಲ್ಲ.

ಕೆಳಗಿನಿಂದ ಅಗ್ಗದ ದೊಡ್ಡ ಅಂಗಡಿಗಳೂ ಮೇಲಿನಿಂದ ನಕ್ಷತ್ರಗಳ ಕೀರ್ತಿಯೂ ಒತ್ತುತ್ತಿರಲು, ಈ ನಡುವಣ ಅಂಗಡಿಗಳು ದಶಕದಿಂದ ದಶಕಕ್ಕೆ ಕಡಿಮೆಯಾಗುತ್ತಿವೆ. ಕಲಿಯುವ ಹುಡುಗರು ಬಂದರೆ ಹೆಸರಿರುವಲ್ಲಿಗೆ ಹೋಗುತ್ತಾರೆ. ಮಕ್ಕಳು ಕಚೇರಿಯ ಕೆಲಸಕ್ಕೆ ಹೋಗುತ್ತಾರೆ. ಮುಪ್ಪಾದ ಯಜಮಾನನು ಒಂದು ಸಂಜೆ ಬಾಗಿಲಿನ ಬಟ್ಟೆಯ ಪರದೆಯನ್ನು ಮಡಿಸಿ ಒಳಗಿಡುತ್ತಾನೆ, ಮರುದಿನ ಅದನ್ನು ತೂಗುಹಾಕುವುದಿಲ್ಲ. ಆ ಕೇರಿಯ ನೀರಿಗೂ ಹವೆಗೂ ತಕ್ಕಂತೆ ಕೊಹಾದಾಕ್ಕೆ ಎಷ್ಟು ಉಪ್ಪು, ಎಷ್ಟು ಹೊತ್ತು ಎಂದು ಅವನು ನಲವತ್ತು ಬೇಸಿಗೆಗಳಲ್ಲಿ ಕಂಡುಕೊಂಡ ಲೆಕ್ಕವನ್ನು ಕೇಳಿ ತಿಳಿದುಕೊಂಡವರು ಯಾರೂ ಇರುವುದಿಲ್ಲ.